ಚರಣ್‌ಜಿತ್ ಸಿಂಗ್ ಅವರ ಸಿಂಥ್ ದನಿ ಮನೆಯ ಲ್ಯಾಪ್‌ಟಾಪ್‌ನಲ್ಲಿ: ಎಲ್ಲಿ ಎಡವುತ್ತೀರಿ, ಹೇಗೆ ಸರಿ ಮಾಡೋದು

ಕೊಡಗಿನಲ್ಲಿ ಜೂನ್ ಬಂತೆಂದರೆ ತೋಟದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮನೆಯೊಳಗಿನ ಹವ್ಯಾಸಗಳು ಶುರುವಾಗುತ್ತವೆ. ಪ್ರತಿ ಮಳೆಗಾಲದಲ್ಲೂ ಮೂರು ನಾಲ್ಕು ಜನ ಪ್ಲಾಸ್ಟಿಕ್ ಕವರ್ ಸುತ್ತಿದ ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ಒಬ್ಬ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು. ಇನ್ನೊಬ್ಬ ಮಡಿಕೇರಿ ದಸರಾದ ಮಂಟಪಕ್ಕೆ ಸೌಂಡ್ ಟ್ರ್ಯಾಕ್ ಮಾಡುವ ಗುಂಪಿನವನು. ಕೇಳುವುದು ಮಾತ್ರ ಒಂದೇ: "ಅಣ್ಣ, 303 ಪ್ಲಗಿನ್ ಹಾಕಿದ್ದೀನಿ, 808 ಹಾಕಿದ್ದೀನಿ. ಆದ್ರೂ ಆ ರೆಕಾರ್ಡ್ ತರ ಕೇಳ್ತಿಲ್ಲ, ಯಾಕೆ?"

ಆ ರೆಕಾರ್ಡ್ ಅಂದರೆ ಹಿಂದಿ ಸಿನಿಮಾ ಸಂಗೀತದ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಬೀಟ್ ಮೇಲೆ ಕೂರಿಸಿದ್ದು. ಅದರಲ್ಲಿದ್ದ ಯಂತ್ರಗಳು ಮೂರು, ಮೂರೂ ರೋಲ್ಯಾಂಡ್ ಕಂಪನಿಯವು. ಬೇಸ್‌ಗೆ ಟಿಬಿ-303, ತಾಳಕ್ಕೆ ಟಿಆರ್-808, ರಾಗಕ್ಕೆ ಜುಪಿಟರ್-8. ಈ ಮೂರನ್ನೂ ಉಚಿತ ಸಾಫ್ಟ್‌ವೇರ್‌ನಲ್ಲಿ ತುಂಬ ಹತ್ತಿರಕ್ಕೆ ತರಬಹುದು. ಪ್ಲಗಿನ್ ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಕೂರುವ ಇಂಥ ಚಿಕ್ಕ ಸಾಫ್ಟ್‌ವೇರ್.

ಬಂದವರ ಪ್ರಾಜೆಕ್ಟ್ ತೆರೆದು ನೋಡಿದರೆ ತಪ್ಪು ಹೆಚ್ಚುಕಮ್ಮಿ ಒಂದೇ ಇರುತ್ತದೆ. ಮೊದಲು ಪ್ರೀಸೆಟ್, ಅಂದರೆ ಯಾರೋ ಮಾಡಿಟ್ಟ ದನಿ ಹುಡುಕಿರುತ್ತಾರೆ. ಆಮೇಲೆ ದನಿಯ ಚೂಪು ಕತ್ತರಿಸುವ ಫಿಲ್ಟರ್ ತಿರುಗಿಸಿರುತ್ತಾರೆ. ಅದೂ ಆಗದಿದ್ದಾಗ ರಿವರ್ಬ್ (ದೊಡ್ಡ ಕೋಣೆಯ ಗುಂಗು) ಸುರಿದಿರುತ್ತಾರೆ. ನೋಟ್, ಅಂದರೆ ನುಡಿಸಿದ ಒಂದೊಂದು ಸ್ವರ, ಎಷ್ಟು ಉದ್ದ ಇದೆ, ಒಂದರ ಬಾಲ ಇನ್ನೊಂದರ ತಲೆಗೆ ತಾಗಿದೆಯಾ ಅಂತ ನೋಡಿದವರು ಯಾರೂ ಇಲ್ಲ. ಅರ್ಧ ದನಿ ಇರುವುದೇ ಅಲ್ಲಿ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ನಡುವಿನದನ್ನು ಹಾರಿಸಬೇಡಿ.

## 1. ಸಾಮಾನು ಮೊದಲು

ಸಾಧಾರಣ ಲ್ಯಾಪ್‌ಟಾಪ್ ಸಾಕು. ರೆಕಾರ್ಡಿಂಗ್ ಸಾಫ್ಟ್‌ವೇರ್ ಆಗಿ ರೀಪರ್ ಹಾಕಿಕೊಳ್ಳಿ. ಡೌನ್‌ಲೋಡ್ ಚಿಕ್ಕದು, ಮಳೆಯಲ್ಲಿ ತೆವಳುವ ನಮ್ಮ ನೆಟ್‌ವರ್ಕ್‌ಗೂ ಆಗುತ್ತದೆ. 60 ದಿನ ಪುಕ್ಕಟೆ ಬಳಸಿ ನೋಡಬಹುದು. ಸಿಂಥ್ (ಎಲೆಕ್ಟ್ರಾನಿಕ್ ದನಿ ಹುಟ್ಟಿಸುವ ವಾದ್ಯ, ಇಲ್ಲಿ ಪ್ಲಗಿನ್) ಆಗಿ ಸರ್ಜ್ ಎಕ್ಸ್‌ಟಿ. ಅದು ಪೂರ್ತಿ ಉಚಿತ, ಅಕೌಂಟ್ ಮಾಡಿಸುವ ರಗಳೆ ಇಲ್ಲ. ಮೂರು ಯಂತ್ರಕ್ಕೂ ಇದೊಂದೇ ಸಾಕು. ನಿಮ್ಮ ಹತ್ತಿರ ಆಗಲೇ ವೈಟಲ್ ಇದ್ದರೆ ಅದರಲ್ಲೂ ಆಗುತ್ತದೆ, ಬಟನ್‌ಗಳ ಜಾಗ ಮಾತ್ರ ಬೇರೆ.

ಹೆಡ್‌ಫೋನ್ ವೈರಿನದೇ ಇರಲಿ. ಬ್ಲೂಟೂತ್‌ನಲ್ಲಿ ಕೀ ಒತ್ತಿದ ಮೇಲೆ ಶಬ್ದ ತಡವಾಗಿ ಬರುತ್ತದೆ, ಆ ತಡಕ್ಕೆ ಕೈ ತಾನಾಗಿ ಹೊಂದಿಕೊಂಡು ತಾಳವೆಲ್ಲ ಕೆಡುತ್ತದೆ. ಲ್ಯಾಪ್‌ಟಾಪ್‌ನ ಸ್ಪೀಕರ್ ನಂಬಿ ಬೇಸ್ ಮಾಡಬೇಡಿ. ನಾವು ಕಟ್ಟಲಿರುವ ಬೇಸ್‌ನ ಷಡ್ಜ ಸುಮಾರು 65 ಹರ್ಟ್ಜ್. ಅಷ್ಟು ಕೆಳಗಿನದು ಆ ಸ್ಪೀಕರ್‌ನಿಂದ ಹೊರಗೇ ಬರುವುದಿಲ್ಲ.

ಸಿಂಥ್ ಇನ್‌ಸ್ಟಾಲ್ ಆದರೂ ರೀಪರ್‌ನಲ್ಲಿ ಕಾಣದಿದ್ದರೆ ಗಾಬರಿ ಬೇಡ. ಪ್ರಿಫರೆನ್ಸಸ್‌ನಲ್ಲಿ ವಿಎಸ್‌ಟಿ ಪುಟಕ್ಕೆ ಹೋಗಿ ರೀಸ್ಕ್ಯಾನ್ ಒತ್ತಿ. ಹತ್ತರಲ್ಲಿ ಒಂಬತ್ತು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಚಟಪಟ ಶಬ್ದ ಬಂದರೆ ಆಡಿಯೋ ಸೆಟ್ಟಿಂಗ್‌ನಲ್ಲಿ ಬಫರ್ ಅನ್ನು 256ರಿಂದ 512ಕ್ಕೆ ಏರಿಸಿ.

ಇನ್ನೆರಡು ಕೆಲಸ ಈಗಲೇ ಮಾಡಿ. ಮೊದಲನೆಯದು, ಆಟೋಸೇವ್ ಹಾಕಿ, ಐದು ನಿಮಿಷಕ್ಕೊಂದು. ಕರೆಂಟ್ ವಿಷಯ ನಿಮಗೆ ಹೇಳಬೇಕಾ? ಒಂದು ಆಗಸ್ಟ್‌ನಲ್ಲಿ ನನ್ನ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿತ್ತು, ಪ್ಲಗ್‌ನಲ್ಲೇ ಓಡುತ್ತಿತ್ತು. ಎಲ್ಲೋ ಮರ ಬಿದ್ದು ಲೈನ್ ಹೋಯಿತು. ನಾಲ್ಕು ಗಂಟೆಯ ಕೆಲಸವೂ ಜೊತೆಗೇ ಹೋಯಿತು.

ಎರಡನೆಯದು, ಎಲ್ಲ ದನಿ ಸೇರಿ ಹೊರಬರುವ ಮಾಸ್ಟರ್ ಟ್ರ್ಯಾಕ್‌ನಲ್ಲಿ ಒಂದು ಲಿಮಿಟರ್ (ಶಬ್ದ ಮಟ್ಟ ಮೀರದಂತೆ ತಡೆಯುವುದು) ಕೂರಿಸಿ. ಮುಂದೆ ರೆಸೊನೆನ್ಸ್ (ಫಿಲ್ಟರ್ ಕತ್ತರಿಸುವ ಜಾಗದ ಸುತ್ತಲಿನ ದನಿ ಎತ್ತುವುದು) ತಿರುಗಿಸುವಾಗ ಇದ್ದಕ್ಕಿದ್ದಂತೆ ಸೀಟಿ ಹೊಡೆಯುತ್ತದೆ, ಹೆಡ್‌ಫೋನ್‌ನಲ್ಲಿ ಅದು ಕಿವಿಗೆ ಸೂಜಿ ಚುಚ್ಚಿದ ಹಾಗೆ. ಲಿಮಿಟರ್ ಇಲ್ಲದೆ ಹಂತ 3ಕ್ಕೆ ಹೋಗಲೇಬೇಡಿ.

## 2. ಒರಿಜಿನಲ್ ಅನ್ನು ಎದುರಿಗೆ ಕೂರಿಸಿ

ನೆನಪಿನಿಂದ ದನಿ ಕಟ್ಟಲು ಹೋದವರೆಲ್ಲ ಕೈಸುಟ್ಟುಕೊಂಡಿದ್ದಾರೆ. ನೆನಪು ಯಾವಾಗಲೂ ಒರಿಜಿನಲ್‌ಗಿಂತ ದೊಡ್ಡದಾಗಿ, ದಪ್ಪವಾಗಿ ಇರುತ್ತದೆ. ಹಾಡನ್ನು ದುಡ್ಡು ಕೊಟ್ಟು ತೆಗೆದುಕೊಂಡು ಒಂದು ಟ್ರ್ಯಾಕ್‌ನಲ್ಲಿ ಹಾಕಿ. ಯಾರೋ ವೇಗ ಬದಲಾಯಿಸಿದ, ಬೇಸ್ ಏರಿಸಿದ ಕಾಪಿ ಸಿಕ್ಕಿದರೆ ಅದನ್ನು ಬಿಟ್ಟುಬಿಡಿ.

ಆ ಟ್ರ್ಯಾಕ್‌ನ ವಾಲ್ಯೂಮ್ 8ರಿಂದ 10 ಡೆಸಿಬಲ್ ಇಳಿಸಿ. ಮುಗಿದ ರೆಕಾರ್ಡಿಂಗ್ ಯಾವಾಗಲೂ ಜೋರಾಗಿರುತ್ತದೆ, ಜೋರಾಗಿದ್ದದ್ದು ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ. ಎರಡೂ ಒಂದೇ ಮಟ್ಟದಲ್ಲಿದ್ದರೆ ಮಾತ್ರ ಹೋಲಿಕೆಗೆ ಅರ್ಥ.

ಈಗ ಬೇಸ್ ಆದಷ್ಟು ಒಂಟಿಯಾಗಿ ಕೇಳುವ ಎರಡು ಬಾರ್ (ಒಂದು ಬಾರ್ ಅಂದರೆ ನಾಲ್ಕು ಬೀಟ್) ಹುಡುಕಿ ಲೂಪ್ ಮಾಡಿ. ಅದರ ಮೇಲೆ ಈಕ್ಯೂ (ಈಕ್ವಲೈಸರ್) ಹಾಕಿ 1000 ಹರ್ಟ್ಜ್‌ಗಿಂತ ಮೇಲಿನದನ್ನು ಕತ್ತರಿಸಿದರೆ ಬೇಸ್ ಇನ್ನೂ ಸ್ಪಷ್ಟ. ಹತ್ತು ಸಲ ಸುಮ್ನೆ ಕೇಳಿ. ಕೇಳುತ್ತಾ ಮೂರು ವಿಷಯ ಬರೆದಿಡಿ. ಪ್ರತಿ ನೋಟ್ ಕತ್ತರಿಸಿದ ಹಾಗೆ ನಿಲ್ಲುತ್ತದೆಯಾ, ಹರಿಯುತ್ತದೆಯಾ? ಯಾವ ನೋಟ್‌ನಿಂದ ಯಾವ ನೋಟ್‌ಗೆ ಜಾರುತ್ತದೆ? ಯಾವ ನೋಟ್ ಉಳಿದವುಗಳಿಗಿಂತ ಗಟ್ಟಿಯಾಗಿ ಬೀಳುತ್ತದೆ?

ಕೊನೆಗೆ ಶ್ರುತಿ. ಹಳೆಯ ಅನಲಾಗ್ ಯಂತ್ರ, ಮೇಲೆ ಟೇಪ್. ಶ್ರುತಿ ಸರಿಯಾಗಿ ಈಗಿನ ಮಾಮೂಲಿ ಅಳತೆಯಾದ 440 ಹರ್ಟ್ಜ್‌ಗೇ ಇರಬೇಕೆಂದಿಲ್ಲ. ರೀಪರ್ ಜೊತೆಗೇ ಬರುವ ಟ್ಯೂನರ್‌ನಲ್ಲಿ ಉದ್ದನೆಯ ಒಂದು ಸ್ವರ ನೋಡಿ. 15 ಸೆಂಟ್ (ನೂರು ಸೆಂಟ್ ಅಂದರೆ ಒಂದು ಸೆಮಿಟೋನ್, ಕೀಬೋರ್ಡಿನಲ್ಲಿ ಪಕ್ಕದ ಕೀ) ಮೇಲೋ ಕೆಳಗೋ ಇದ್ದರೆ ನಿಮ್ಮ ಸಿಂಥ್ ಅನ್ನೇ ಅಷ್ಟು ಸರಿಸಿ, ಹಾಡನ್ನಲ್ಲ. "ಎಲ್ಲಾ ಸರಿ ಇದೆ, ಆದ್ರೂ ಏನೋ ಕಹಿ" ಅನ್ನುವವರ ಪ್ರಾಜೆಕ್ಟ್‌ನಲ್ಲಿ ನಾನು ಮೊದಲು ನೋಡುವುದೇ ಇದನ್ನು.

## 3. ಬೇಸ್: ಖಾಲಿ ಪ್ಯಾಚ್‌ನಿಂದ 303

ಸರ್ಜ್‌ನ ಟೆಂಪ್ಲೇಟ್ಸ್ ಪಟ್ಟಿಯಲ್ಲಿ ಇನಿಟ್ ಸಾ ಅಂತ ಒಂದಿದೆ. ಅದೇ ಖಾಲಿ ಪ್ಯಾಚ್ (ಒಂದು ದನಿಯ ಸೆಟ್ಟಿಂಗ್‌ಗಳ ಗಂಟು), ಅಲ್ಲಿಂದಲೇ ಶುರು ಮಾಡಿ. "303" ಅಂತ ಹೆಸರಿರುವ ಪ್ರೀಸೆಟ್ ಮುಟ್ಟಬೇಡಿ. ಅವುಗಳಲ್ಲಿ ಮುಕ್ಕಾಲು ಪಾಲು ಆಮೇಲೆ ಬಂದ ಆ್ಯಸಿಡ್ ಹೌಸ್ ಅನ್ನುವ ಡಾನ್ಸ್ ಸಂಗೀತದ ಕಿರುಚುವ ದನಿಗೆ ಮಾಡಿದವು, ಡಿಸ್ಟಾರ್ಷನ್ ತುಂಬಿರುತ್ತದೆ. ಈ ರೆಕಾರ್ಡಿನ ಬೇಸ್ ನನ್ನ ಕಿವಿಗೆ ಸ್ವಚ್ಛವಾಗಿಯೇ ಕೇಳುತ್ತದೆ.

ಆಸಿಲೇಟರ್ (ಮೂಲ ದನಿ ಹುಟ್ಟಿಸುವ ಭಾಗ) ಒಂದೇ ಇರಲಿ, ಉಳಿದೆರಡು ಆಫ್. ನಿಜವಾದ 303ರಲ್ಲಿ ಇದ್ದದ್ದೂ ಒಂದೇ. ಅದರ ತರಂಗಕ್ಕೆ ಸಾಟೂತ್ (ಗರಗಸದ ಹಲ್ಲಿನ ಆಕಾರ) ಅಥವಾ ಸ್ಕ್ವೇರ್ (ಚೌಕ), ಎರಡೇ ಆಯ್ಕೆ. ಸರ್ಜ್‌ನ ಕ್ಲಾಸಿಕ್ ಆಸಿಲೇಟರ್‌ನಲ್ಲಿ ಶೇಪ್ ಸ್ಲೈಡರ್ ನಡುವೆ ಇದ್ದರೆ ಸಾಟೂತ್, ಎಡ ತುದಿಯಲ್ಲಿ ಸ್ಕ್ವೇರ್. ಯೂನಿಸನ್ (ಒಂದೇ ದನಿಯ ಎಷ್ಟು ಪ್ರತಿ ಒಟ್ಟಿಗೆ ಅನ್ನುವುದು) 1ರಲ್ಲೇ ಇರಲಿ. "ದಪ್ಪ ಬರಲಿ" ಅಂತ ಅದನ್ನು 4ಕ್ಕೆ ಏರಿಸಿದ ಕ್ಷಣವೇ 303 ಸತ್ತುಹೋಗುತ್ತದೆ.

ಈಗ ಆ್ಯಂಪ್ ಎನ್ವಲಪ್, ಅಂದರೆ ಒಂದು ನೋಟ್‌ನ ಜೋರು ಏರಿ ಇಳಿಯುವ ರೀತಿ. ಫಿಲ್ಟರ್‌ಗೆ ಮೊದಲು ಇದನ್ನೇ ಮಾಡಬೇಕು, ಯಾಕೆಂದರೆ ನೋಟ್ ಹೇಗೆ ಹುಟ್ಟಿ ಹೇಗೆ ಸಾಯುತ್ತದೆ ಅನ್ನುವುದು ಸರಿಯಿಲ್ಲದಿದ್ದರೆ ಬಣ್ಣ ಎಷ್ಟು ಬಳಿದರೂ ವ್ಯರ್ಥ. ಅಟ್ಯಾಕ್ ಅಂದರೆ ಏರುವ ಸಮಯ, ಡಿಕೇ ಇಳಿಯುವ ಸಮಯ, ಸಸ್ಟೇನ್ ಒತ್ತಿ ಹಿಡಿದಾಗ ಉಳಿಯುವ ಮಟ್ಟ, ರಿಲೀಸ್ ಬೆರಳು ಎತ್ತಿದ ಮೇಲಿನ ಬಾಲ. ಅಟ್ಯಾಕ್ ಪೂರ್ತಿ ಕಡಿಮೆ. ಡಿಕೇ ಸುಮಾರು 3 ಸೆಕೆಂಡ್. ಸಸ್ಟೇನ್ ಸೊನ್ನೆ. ರಿಲೀಸ್ ತೀರಾ ಚಿಕ್ಕದು. ಅಂದರೆ ಬೆರಳು ಎತ್ತಿದ ಕೂಡಲೇ ಶಬ್ದ ಕಡಿಯಬೇಕು.

ಆಮೇಲೆ ಫಿಲ್ಟರ್. ಲೋಪಾಸ್ (ಮೇಲಿನ ದನಿ ಕತ್ತರಿಸುವ ಫಿಲ್ಟರ್) ಪಟ್ಟಿಯಲ್ಲಿ ಡಯೋಡ್ ಲ್ಯಾಡರ್ ಆರಿಸಿ, 303ರ ಫಿಲ್ಟರ್ ಅದೇ ಜಾತಿಯದು. ಕಟಾಫ್ (ಎಲ್ಲಿಂದ ಮೇಲೆ ಕತ್ತರಿಸಬೇಕು ಅನ್ನುವುದು) 300 ಹರ್ಟ್ಜ್ ಸುತ್ತ. ಕೀಟ್ರ್ಯಾಕ್ (ಸ್ವರ ಏರಿದಂತೆ ಕಟಾಫ್ ಕೂಡ ಏರುವುದು) ಸೊನ್ನೆ. ಫಿಲ್ಟರ್ ಎನ್ವಲಪ್‌ನ ಅಟ್ಯಾಕ್ ಕಡಿಮೆ, ಡಿಕೇ 300ರಿಂದ 400 ಮಿಲಿಸೆಕೆಂಡ್, ಸಸ್ಟೇನ್ ಸೊನ್ನೆ. ಎನ್ವಲಪ್ ಎಷ್ಟು ಎಳೆಯಬೇಕು ಅನ್ನುವ ಸ್ಲೈಡರ್ ಅನ್ನು 30 ಸೆಮಿಟೋನ್ ಹತ್ತಿರ ಇಡಿ. ಕೊನೆಯಲ್ಲಿ ರೆಸೊನೆನ್ಸ್, ಅರ್ಧಕ್ಕಿಂತ ಸ್ವಲ್ಪ ಮೇಲೆ.

ಎಚ್ಚರಿಕೆಯ ಗುರುತು: ನೋಟ್ ಒತ್ತದಿದ್ದರೂ ಫಿಲ್ಟರ್ ತಾನೇ ಸೀಟಿ ಹೊಡೆಯುತ್ತಿದ್ದರೆ ಜಾಸ್ತಿಯಾಯಿತು ಅಂತ ಅರ್ಥ. ಅಸಲಿ 303ರ ಫಿಲ್ಟರ್ ಆ ಅಂಚಿನವರೆಗೆ ಹೋಗುತ್ತದೆ, ದಾಟುವುದಿಲ್ಲ. ನೀವೂ ಅಲ್ಲೇ ನಿಲ್ಲಿಸಿ.

## 4. ಸ್ಲೈಡ್, ಅಂದರೆ ನೋಟ್‌ನ ಬಾಲ

ಈ ಹಂತಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಬರುವವರು ಸೋಲುವುದು ಇಲ್ಲೇ.

303ರಲ್ಲಿ 16 ಮೆಟ್ಟಿಲುಗಳ ಒಂದು ಪ್ಯಾಟರ್ನ್ ಬರೆಯುತ್ತಾರೆ. ಸಾಮಾನ್ಯ ನೋಟ್ ತನ್ನ ಮೆಟ್ಟಿಲಿನ ಸುಮಾರು ಅರ್ಧದಷ್ಟೇ ಉದ್ದ, ಉಳಿದರ್ಧ ಖಾಲಿ. ಸ್ಲೈಡ್ ಗುರುತು ಹಾಕಿದ ನೋಟ್ ಮಾತ್ರ ಮುಂದಿನ ನೋಟ್‌ವರೆಗೂ ಬಿಡದೆ ಹಿಡಿದಿರುತ್ತದೆ. ಆಗ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಸ್ವರ ಜಾರುತ್ತದೆ. ಜೊತೆಗೆ ಎನ್ವಲಪ್ ಹೊಸದಾಗಿ ಶುರುವಾಗುವುದಿಲ್ಲ, ಹಿಂದಿನ ನೋಟ್‌ನ ಉಸಿರಿನಲ್ಲೇ ಮುಂದಿನದು ಬರುತ್ತದೆ. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಅದಕ್ಕೇ ಅವರ ಬೇಸ್ ಜಾರಿದರೂ ಪ್ರತಿ ನೋಟ್‌ಗೂ "ಟಕ್" ಅಂತ ಹೊಡೆಯುತ್ತದೆ.

ಸರ್ಜ್‌ನಲ್ಲಿ ಪ್ಲೇ ಮೋಡ್ ಅನ್ನು "ಮೋನೋ ಎಸ್‌ಟಿ ಎಫ್‌ಪಿ"ಗೆ ಹಾಕಿ. ನೋಟ್‌ಗಳು ಒಂದರ ಮೇಲೊಂದು ಹತ್ತಿದಾಗ ಮಾತ್ರ ಜಾರು, ಆಗ ಎನ್ವಲಪ್ ಮತ್ತೆ ಹೊಡೆಯಬೇಡ ಅನ್ನುವುದು ಅದರ ಅರ್ಥ. ಪೋರ್ಟಮೆಂಟೋ ಸಮಯ, ಅಂದರೆ ಜಾರಲು ಹಿಡಿಯುವ ಹೊತ್ತು, 60 ಮಿಲಿಸೆಕೆಂಡ್ ಸುತ್ತ ಇಡಿ. 303ರಲ್ಲಿ ಇದನ್ನು ಬದಲಾಯಿಸುವ ಗುಂಡಿಯೇ ಇರಲಿಲ್ಲ, ಹಾಗಾಗಿ ನೀವೂ ಹಾಡಿನ ನಡುವೆ ಅದನ್ನು ಆಡಿಸಬೇಡಿ.

ಲೆಕ್ಕ ಹೀಗೆ. ವೇಗ ನಿಮಿಷಕ್ಕೆ 120 ಬೀಟ್ ಇದ್ದರೆ ಒಂದು ಮೆಟ್ಟಿಲು, ಅಂದರೆ ಕಾಲು ಬೀಟ್, 125 ಮಿಲಿಸೆಕೆಂಡ್. ಸಾಮಾನ್ಯ ನೋಟ್ ಉದ್ದ ಸುಮಾರು 62. ಜಾರುವುದಕ್ಕೆ 60 ಬೇಕು, ಅಂದರೆ ಮುಂದಿನ ಮೆಟ್ಟಿಲಿನ ಮೊದಲರ್ಧ ಪೂರ್ತಿ ಜಾರುವುದರಲ್ಲೇ ಕಳೆಯುತ್ತದೆ. ಸ್ವರ ತಲುಪಿದ ಮೇಲೆ ಉಳಿಯುವುದು ಚೂರೇ ಚೂರು. ಆ "ತಲುಪಿದೆ, ಹೊರಟೆ" ಅನ್ನುವ ಅವಸರವೇ ಈ ಬೇಸ್‌ನ ರುಚಿ.

ಅಭ್ಯಾಸಕ್ಕೆ ಭೂಪಾಳಿ ತೆಗೆದುಕೊಳ್ಳಿ. ಆ ರೆಕಾರ್ಡಿನಲ್ಲೂ ಅದಿದೆ. ಸ್ವರಗಳು ನಮ್ಮ ಮೋಹನದವೇ, ಕಿವಿಗೆ ಪರಿಚಯ. ಕೆಳಗಿನ ಪ್ಯಾಟರ್ನ್ ನಾನು ಹುಡುಗರಿಗೆ ಕೊಡುವುದು, ರೆಕಾರ್ಡಿನದ್ದಲ್ಲ:

1 ಸ, 2 ಸ, 3 ಗ, 4 ಪ
5 ಸ, 6 ಖಾಲಿ, 7 ಪ, 8 ದ
9 ಸ, 10 ಸ, 11 ಗ, 12 ರಿ
13 ಸ, 14 ಮೇಲಿನ ಸ, 15 ದ, 16 ಪ

ಷಡ್ಜವನ್ನು 36ನೇ ಮಿಡಿ ನೋಟ್‌ನಲ್ಲಿ ಇಡಿ (ಮಿಡಿ ಅಂದರೆ ಯಾವ ಸ್ವರ, ಎಷ್ಟು ಹೊತ್ತು ಅಂತ ಸಿಂಥ್‌ಗೆ ಹೇಳುವ ಬರಹ). ಎಲ್ಲ ನೋಟ್‌ಗಳನ್ನೂ ಮೊದಲು ಅರ್ಧ ಮೆಟ್ಟಿಲಿಗೆ ಕತ್ತರಿಸಿ. ಆಮೇಲೆ 3, 7, 11, 15, ಈ ನಾಲ್ಕನ್ನು ಮಾತ್ರ ಬಲಕ್ಕೆ ಎಳೆದು ಮುಂದಿನ ನೋಟ್‌ನ ಮೇಲೆ ಒಂದು ಚೂರು ಹತ್ತಿಸಿ. ಮೌಸ್‌ನಲ್ಲಿ ಎಳೆಯುವಾಗ ಅದು ಗ್ರಿಡ್‌ಗೆ ಅಂಟಿಕೊಂಡು ಸರಿಯಾಗಿ ಅಂಚಿನಲ್ಲಿ ನಿಲ್ಲುತ್ತದೆ. ಸ್ನ್ಯಾಪ್ ಆಫ್ ಮಾಡಿ. ಅಂಚಿಗೆ ತಾಗಿದರೆ ಸಾಲದು, ದಾಟಬೇಕು.

ಈಗ ಪ್ಲೇ ಮಾಡಿ. ಗದಿಂದ ಪಕ್ಕೆ ಹೋಗುವಲ್ಲಿ ಬೇಸ್ ಹಾಡಿದ ಹಾಗಿರಬೇಕು. ಉಳಿದ ಕಡೆ ಒಣ ಕೊಂಬೆ ಮುರಿದ ಹಾಗೆ. ಎರಡರ ನಡುವಿನ ವ್ಯತ್ಯಾಸ ಕಣ್ಣು ಮುಚ್ಚಿದರೂ ಗೊತ್ತಾಗಬೇಕು.

ಇಲ್ಲಿ ಆಗುವ ತಪ್ಪುಗಳು ಇಷ್ಟು. ಎಲ್ಲ ನೋಟ್‌ಗೂ ಸ್ಲೈಡ್ ಹಾಕುವುದು, ಆಗ ಅದು ಬೇಸ್ ಅಲ್ಲ, ನಾಗರ ಹಾವು. ಕ್ವಾಂಟೈಸ್ (ನೋಟ್‌ಗಳನ್ನು ಗ್ರಿಡ್‌ಗೆ ಸರಿಯಾಗಿ ಕೂರಿಸುವುದು) ಮಾಡುವಾಗ ನೋಟ್‌ನ ಕೊನೆಗೂ ಟಿಕ್ ಹಾಕಿಬಿಡುವುದು, ಆಗ ಕಷ್ಟಪಟ್ಟು ಹತ್ತಿಸಿದ ಬಾಲವೆಲ್ಲ ಒಂದೇ ಏಟಿಗೆ ಕತ್ತರಿಸಿಹೋಗುತ್ತದೆ. ಮೂರನೆಯದು ಪ್ಲೇ ಮೋಡ್ ಅನ್ನು ಪಾಲಿಯಲ್ಲೇ, ಅಂದರೆ ಹಲವು ಸ್ವರ ಒಟ್ಟಿಗೆ ನುಡಿಯುವ ಸ್ಥಿತಿಯಲ್ಲೇ, ಬಿಟ್ಟಿರುವುದು. ನೋಟ್ ಹತ್ತಿದ ಕಡೆ ಎರಡು ಸ್ವರ ಒಟ್ಟಿಗೆ ಕೇಳಿ ಕಲಸಿದಂತಾದರೆ ಇದೇ ಕಾರಣ.

## 5. ಆ್ಯಕ್ಸೆಂಟ್

ಗಟ್ಟಿ ನೋಟ್ ಅಂದರೆ ಬರೀ ಜೋರು ಅಲ್ಲ. 303ರಲ್ಲಿ ಆ್ಯಕ್ಸೆಂಟ್ ಬಿದ್ದ ನೋಟ್ ಜೋರಾಗುತ್ತದೆ, ಅದರ ಫಿಲ್ಟರ್ ಜಾಸ್ತಿ ತೆರೆಯುತ್ತದೆ, ಡಿಕೇ ಚಿಕ್ಕದಾಗುತ್ತದೆ. ಮೂರೂ ಸೇರಿದರೆ "ಟ್ವಾಕ್".

ಸರ್ಜ್‌ನಲ್ಲಿ ಕೆಳಗಿನ ಸಾಲಿನ ವೆಲಾಸಿಟಿ (ಕೀ ಎಷ್ಟು ಗಟ್ಟಿಯಾಗಿ ಒತ್ತಿದ್ದು ಅನ್ನುವ ಅಂಕಿ) ಆರಿಸಿ, ಅಸೈನ್ ಮಾಡುವ ಸ್ಥಿತಿಗೆ ತಂದು, ಮೂರು ಸ್ಲೈಡರ್ ಎಳೆಯಿರಿ. ಫಿಲ್ಟರ್‌ನ ಎನ್ವಲಪ್ ಪ್ರಮಾಣ ಮೇಲಕ್ಕೆ, ಫಿಲ್ಟರ್ ಡಿಕೇ ಕೆಳಕ್ಕೆ, ವಾಲ್ಯೂಮ್ ಸ್ವಲ್ಪ ಮೇಲಕ್ಕೆ. ನಂತರ ಮಿಡಿ ಎಡಿಟರ್‌ನಲ್ಲಿ ಎಲ್ಲ ನೋಟ್‌ಗೂ ವೆಲಾಸಿಟಿ 40 ಕೊಡಿ, ಆ್ಯಕ್ಸೆಂಟ್ ಬೇಕಾದ 4, 8, 14ಕ್ಕೆ ಮಾತ್ರ 127. ಮಾಮೂಲಿ ನೋಟ್‌ಗಳನ್ನು 100ರಲ್ಲೇ ಬಿಟ್ಟರೆ ವ್ಯತ್ಯಾಸ ಕೇಳುವುದೇ ಇಲ್ಲ, ಆಮೇಲೆ ಪ್ಲಗಿನ್ ಸರಿಯಿಲ್ಲ ಅಂತ ಬೈಯುತ್ತಾರೆ. 40 ಅಥವಾ 127, ನಡುವಿನ ಅಂಕಿ ಬೇಡ. ಆ ಯಂತ್ರಕ್ಕೆ ಆ್ಯಕ್ಸೆಂಟ್ ಅಂದರೆ ಇದೆ ಅಥವಾ ಇಲ್ಲ, ಅಷ್ಟೇ.

## 6. 808: ಬೇಗ ಮುಗಿಸಿ

ತಾಳಕ್ಕೆ ಒಳ್ಳೆಯ ಉಚಿತ ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ದನಿ) ಸಿಕ್ಕಿದರೆ ಹಾಕಿ ಮುಂದೆ ಹೋಗಿ. ಇಲ್ಲಿ ಮನಸ್ಸು ಇಡುವಂಥದ್ದು ಕಡಿಮೆ.

ಕೈಯಲ್ಲೇ ಕಟ್ಟುವ ಆಸೆ ಇದ್ದರೆ, ಕಿಕ್ (ದೊಡ್ಡ ಡ್ರಮ್ಮಿನ ಏಟು) ಅಂದರೆ 50 ಹರ್ಟ್ಜ್ ಸುತ್ತಲಿನ ಒಂದು ಸೈನ್ ತರಂಗ, ಶುರುವಿನ 20-30 ಮಿಲಿಸೆಕೆಂಡ್‌ನಲ್ಲಿ ಮೇಲಿನಿಂದ ಕೆಳಕ್ಕೆ ಬೀಳಬೇಕು, ಆಮೇಲೆ ಮೆಲ್ಲಗೆ ಆರಬೇಕು. ಕೌಬೆಲ್ ಇನ್ನೂ ಸುಲಭ: 540 ಮತ್ತು 800 ಹರ್ಟ್ಜ್‌ನ ಎರಡು ಸ್ಕ್ವೇರ್ ತರಂಗ, ಮೇಲೆ ಒಂದು ಬ್ಯಾಂಡ್‌ಪಾಸ್ (ನಡುವಿನ ಪಟ್ಟಿಯನ್ನು ಮಾತ್ರ ಉಳಿಸುವ ಫಿಲ್ಟರ್). ಅಸಲಿ 808ರಲ್ಲೂ ಅಷ್ಟೇ ಇತ್ತು.

ಒಂದೇ ಎಚ್ಚರಿಕೆ. ಈಗಿನ 808 ಸ್ಯಾಂಪಲ್‌ಗಳ ಕಿಕ್ ಬಾಲ ತುಂಬ ಉದ್ದ. ಅದು 303ರ ಜಾಗವನ್ನು ನುಂಗುತ್ತದೆ. ಬೇಸ್ ಮಸುಕಾಯಿತು ಅನ್ನಿಸಿದರೆ ಬೇಸ್‌ಗೆ ಕೈ ಹಾಕುವ ಮೊದಲು ಕಿಕ್‌ನ ಬಾಲ ಕತ್ತರಿಸಿ ನೋಡಿ.

## 7. ಜುಪಿಟರ್-8: ಇಲ್ಲಿಂದ ಕೈಯ ಕೆಲಸ

ಕೆಳಗಿನ ಎರಡು, ಬೇಸ್ ಮತ್ತು ತಾಳ, ಯಂತ್ರವೇ ನುಡಿಸುವುದು. ಅವು ಅಳತೆಗೆ ಸರಿಯಾಗಿ ಗ್ರಿಡ್ ಮೇಲೇ ಕೂರಬೇಕು. ರಾಗ ಮಾತ್ರ ಕೈಯಲ್ಲಿ ನುಡಿಸಿದ್ದು. ಅದನ್ನು ಕ್ವಾಂಟೈಸ್ ಮಾಡಿದಿರೋ, ಹೋಯಿತು. ಯಂತ್ರ ಅಲುಗದೆ ನಡೆಯುವಾಗ ಮೇಲೆ ಕೈ ಹಿಂದೆ ಮುಂದೆ ಆಗಬೇಕು.

ಹೊಸ ಟ್ರ್ಯಾಕ್, ಮತ್ತೆ ಇನಿಟ್ ಸಾ. ಜುಪಿಟರ್‌ನಲ್ಲಿ ಒಂದು ದನಿಗೆ ಎರಡು ಆಸಿಲೇಟರ್. ಹಾಗಾಗಿ ಎರಡು ಆನ್ ಮಾಡಿ, ಎರಡನೆಯದನ್ನು 6ರಿಂದ 8 ಸೆಂಟ್ ಸರಿಸಿ, ಡ್ರಿಫ್ಟ್ ಚೂರು ಕೊಡಿ. ಫಿಲ್ಟರ್ 24 ಡೆಸಿಬಲ್ ಲೋಪಾಸ್, ಕಟಾಫ್ 2000 ಹರ್ಟ್ಜ್ ಸುತ್ತ, ರೆಸೊನೆನ್ಸ್ ಕಡಿಮೆ. ಆ್ಯಂಪ್ ಎನ್ವಲಪ್‌ನಲ್ಲಿ ಸಸ್ಟೇನ್ ಮುಕ್ಕಾಲು, ರಿಲೀಸ್ 150 ಮಿಲಿಸೆಕೆಂಡ್.

ಈಗ ಎರಡು ಬಲೆ. ಮೊದಲನೆಯದು ವೆಲಾಸಿಟಿ. ಜುಪಿಟರ್-8ರ ಕೀಲಿಮಣೆಗೆ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ. ನಿಮ್ಮ ಪ್ಲಗಿನ್‌ನಲ್ಲಿ ವೆಲಾಸಿಟಿ ಕೆಲಸ ಮಾಡುತ್ತಿದ್ದರೆ ಕೆಲವು ಸ್ವರ ಒಳಗೆ ಹೋಗುತ್ತವೆ, ಇಡೀ ಸಾಲು ಪಿಯಾನೋ ನುಡಿಸಿದ ಹಾಗೆ ಕೇಳುತ್ತದೆ. ಸರ್ಜ್‌ನ ವಾಲ್ಯೂಮ್ ವಿಭಾಗದಲ್ಲಿ ವೆಲಾಸಿಟಿಯನ್ನು ಸೊನ್ನೆಗೆ ತನ್ನಿ. ಎರಡನೆಯದು ಕೋರಸ್, ಒಂದು ದನಿಯನ್ನು ಹಲವು ಕೇಳುವಂತೆ ಮಾಡುವ ಎಫೆಕ್ಟ್. ಜುಪಿಟರ್-8ರ ಒಳಗೆ ಕೋರಸ್ ಇಲ್ಲ. ಅದಿರುವುದು ಅದೇ ಕಂಪನಿಯ ಜೂನೋ ಸಿಂಥ್‌ನಲ್ಲಿ. "ಜುಪಿಟರ್" ಹೆಸರಿನ ಎಷ್ಟೋ ಪ್ರೀಸೆಟ್‌ನಲ್ಲಿ ಕೋರಸ್ ಹೊದಿಸಿರುತ್ತಾರೆ. ಕೇಳಲು ಚೆಂದ, ಆದರೆ ನಿಮಗೆ ಬೇಕಾದದ್ದು ಅದಲ್ಲ.

ಇನ್ನು ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು. ಪ್ಲೇ ಮೋಡ್ ಮೋನೋ, ಪೋರ್ಟಮೆಂಟೋ 80ರಿಂದ 120 ಮಿಲಿಸೆಕೆಂಡ್. ಇಷ್ಟಕ್ಕೆ ಚಿಕ್ಕ ಜಾರಿಕೆಗಳು ಬರುತ್ತವೆ. ಉದ್ದ ಮೀಂಡ್‌ಗೆ ಪಿಚ್ ಬೆಂಡ್ ವೀಲ್ (ಸ್ವರವನ್ನು ಮೇಲೆ ಕೆಳಗೆ ಎಳೆಯುವ ಚಕ್ರ) ಬೇಕು. ಇಲ್ಲಿ ಒಂದು ಸಣ್ಣ ಲೆಕ್ಕ ಎಲ್ಲರಿಗೂ ತಪ್ಪುತ್ತದೆ. ಸರ್ಜ್‌ನಲ್ಲಿ ವೀಲ್ ಮೊದಲಿಗೆ 2 ಸೆಮಿಟೋನ್‌ಗೆ ಹೊಂದಿಸಿರುತ್ತದೆ. ಭೂಪಾಳಿಯಲ್ಲಿ ರಿಯಿಂದ ಗಕ್ಕೆ 2 ಸೆಮಿಟೋನ್, ಸರಿ. ಆದರೆ ಗದಿಂದ ಪಕ್ಕೆ 3. ವೀಲ್ ಪೂರ್ತಿ ತಳ್ಳಿದರೂ ಪ ಸಿಗುವುದಿಲ್ಲ, ಅದಕ್ಕಿಂತ ಒಂದು ಸೆಮಿಟೋನ್ ಕೆಳಗಿನ, ರಾಗದಲ್ಲೇ ಇಲ್ಲದ ಸ್ವರದಲ್ಲಿ ನಿಂತುಬಿಡುತ್ತದೆ. ಗೋಣಿಕೊಪ್ಪ ಕಡೆಯ ಒಬ್ಬ ಹುಡುಗ ಹದಿನೈದು ದಿನ ತನ್ನ ಕಿವಿಯನ್ನೇ ಅನುಮಾನಿಸಿದ್ದ. ಬೆಂಡ್ ರೇಂಜ್ 3ಕ್ಕೆ ಹಾಕಿ, ಮುಗಿಯಿತು.

ವೀಲ್ ಇಲ್ಲದ ಕೀಬೋರ್ಡ್ ಆದರೆ ಮಿಡಿ ಎಡಿಟರ್‌ನಲ್ಲಿ ಪಿಚ್ ಬೆಂಡ್ ಸಾಲು ತೆರೆದು ಗೆರೆ ಎಳೆಯಿರಿ. ಸೀದಾ ಏಣಿಯ ಹಾಗಲ್ಲ. ಶುರುವಿನಲ್ಲಿ ನಿಧಾನ, ನಡುವೆ ಬೇಗ, ತಲುಪುವಾಗ ಮತ್ತೆ ನಿಧಾನ.

ಇನ್ನೊಂದು ಮಾತು. ಶ್ರುತಿಗಳ ಟ್ಯೂನಿಂಗ್ ಫೈಲ್ ಹಾಕಿ "ಶುದ್ಧ" ಮಾಡಲು ಹೋಗಬೇಡಿ. ಸರ್ಜ್‌ನಲ್ಲಿ ಆ ಸೌಲಭ್ಯ ಇದೆ, ನಿಜ. ಆದರೆ 303 ಆಗಲಿ ಜುಪಿಟರ್ ಆಗಲಿ ನಡೆದದ್ದು ಮಾಮೂಲಿ 12 ಸ್ವರದ ಕೀಬೋರ್ಡ್ ಶ್ರುತಿಯಲ್ಲೇ. ಆ ಬಿಗಿ ಶ್ರುತಿ ಮತ್ತು ಜಾರುವ ಸ್ವರದ ತಿಕ್ಕಾಟವೇ ನಿಮಗೆ ಇಷ್ಟವಾದದ್ದು, ಅಲ್ವಾ?

## 8. ಎಫೆಕ್ಟ್, ಕಾಚಂಪುಳಿಯ ಹಾಗೆ

ನಮ್ಮ ಪಂದಿ ಕರಿಗೆ (ಹಂದಿಮಾಂಸದ ಅಡುಗೆ) ಹುಳಿಯ ಕಾಚಂಪುಳಿ ಬೀಳುವುದು ಕೊನೆಗೆ, ಅದೂ ಅಳತೆ ನೋಡಿ. ಇಲ್ಲೂ ಹಾಗೇ. ಬೇಸ್‌ಗೆ ರಿವರ್ಬ್ ಬೇಡವೇ ಬೇಡ. ಕಿಕ್‌ಗೂ ಬೇಡ. ಜುಪಿಟರ್‌ಗೆ ಚಿಕ್ಕ ರಿವರ್ಬ್ ಒಂದು, ಮಿಕ್ಸ್ ನೂರರಲ್ಲಿ 10-15. ಡಿಲೇ ಬೇಕೆನ್ನಿಸಿದರೆ ಹಾಡಿನ ವೇಗಕ್ಕೆ ಕಟ್ಟಿ, ತೀರಾ ಕೆಳಗಿನ ಮಟ್ಟದಲ್ಲಿಡಿ.

ಎಫೆಕ್ಟ್ ಎಲ್ಲ ಆಫ್ ಮಾಡಿದರೂ ದನಿ ಗುರುತು ಸಿಗಬೇಕು. ಸಿಗದಿದ್ದರೆ ತಪ್ಪು ಹಿಂದಿನ ಹಂತದಲ್ಲೆಲ್ಲೋ ಇದೆ.

## 9. ಹೋಲಿಸಿ ನೋಡುವ ಬಗೆ

ಅದೇ ದಿನ ಹೋಲಿಸಬೇಡಿ. ಮೂರು ಗಂಟೆ ಕೇಳಿದ ಕಿವಿಗೆ ಎಲ್ಲವೂ ಸರಿಯೇ. ಮಾರನೇ ದಿನ ಬೆಳಿಗ್ಗೆ ಮೊದಲು ಒರಿಜಿನಲ್ ಎರಡು ಬಾರ್, ತಕ್ಷಣ ನಿಮ್ಮದು ಎರಡು ಬಾರ್. ಏನು ಬೇರೆ ಅನ್ನಿಸಿತೋ ಅದನ್ನು ಒಂದೇ ಪದದಲ್ಲಿ ಬರೆಯಿರಿ: ಮಂದ, ಚೂಪು, ಉದ್ದ, ತಡ. ಮಂದ ಅಥವಾ ಚೂಪು ಅಂದರೆ ಫಿಲ್ಟರ್. ಉದ್ದ ಅಂದರೆ ನೋಟ್‌ನ ಬಾಲ. ತಡ ಅಂದರೆ ಪೋರ್ಟಮೆಂಟೋ ಜಾಸ್ತಿ, ಇಲ್ಲವೇ ಅಟ್ಯಾಕ್ ಪೂರ್ತಿ ಇಳಿದಿಲ್ಲ. ಒಂದು ಸಲಕ್ಕೆ ಒಂದನ್ನೇ ತಿರುಗಿಸಿ, ಪ್ರತಿ ಸಲ ಹೊಸ ಹೆಸರಲ್ಲಿ ಪ್ಯಾಚ್ ಸೇವ್ ಮಾಡಿ.

ಜೋರು ಮಳೆ ಇರುವಾಗ ಬೇಸ್‌ನ ಮಟ್ಟ ತೀರ್ಮಾನ ಮಾಡಲೇಬೇಡಿ. ನನ್ನ ಕೋಣೆಗೆ ಜಿಂಕ್ ಶೀಟ್. ಮಳೆ ಹಿಡಿದರೆ ಮೇಲಿನಿಂದ ಒಂದೇ ಸಮ ಶಬ್ದ ಸುರಿಯುತ್ತದೆ, ಅದನ್ನು ಮೀರಲು ಗೊತ್ತಿಲ್ಲದೆ ಎಲ್ಲವನ್ನೂ ಏರಿಸುತ್ತಾ ಹೋಗುತ್ತೇವೆ. ಮಳೆ ಬಿಟ್ಟ ಮೇಲೆ ಕೇಳಿದರೆ ಬೇಸ್ ಒಂದೇ ಬಡಿಯುತ್ತಿರುತ್ತದೆ. ಅಂಥ ದಿನ ಮಿಡಿ ಕೆಲಸ ಮಾಡಿ, ನೋಟ್‌ನ ಬಾಲ ಕತ್ತರಿಸಿ, ವೆಲಾಸಿಟಿ ಹಾಕಿ. ಮಟ್ಟ ನೋಡುವ ಕೆಲಸ ನಾಳೆಗೆ ಇರಲಿ.

ಕೊನೆಯ ಪರೀಕ್ಷೆ ಜೀಪಿನಲ್ಲಿ. ಪೆನ್‌ಡ್ರೈವ್‌ಗೆ ಹಾಕಿಕೊಂಡು, ಎಂಜಿನ್ ಆನ್ ಮಾಡಿ, ಮಾಮೂಲಿ ವಾಲ್ಯೂಮ್‌ನಲ್ಲಿ ಕೇಳಿ. ಎಂಜಿನ್ನಿನ ಗುರ್ ನಡುವೆಯೂ ಪ್ಯಾಟರ್ನಿನ 3ನೇ ಮೆಟ್ಟಿಲಿನಿಂದ 4ಕ್ಕೆ ಹೋಗುವ ಆ ಜಾರಿಕೆ ಕೇಳಿಸಬೇಕು. ಕಿಕ್ ಮಾತ್ರ ಕೇಳಿ ಜಾರಿಕೆ ಕೇಳದಿದ್ದರೆ ಬೇಸ್‌ನ ವಾಲ್ಯೂಮ್ ಏರಿಸಬೇಡಿ. ಕಟಾಫ್ ಅನ್ನು 50 ಹರ್ಟ್ಜ್ ಮೇಲಕ್ಕೆ ಸರಿಸಿ, ಇನ್ನೊಂದು ಸಲ ಪೆನ್‌ಡ್ರೈವ್‌ಗೆ ಹಾಕಿ ಜೀಪಿನ ಹತ್ತಿರ ಹೋಗಿ.